ದೀಪಧಾರಿಣಿಯ ಲೆಕ್ಕದ ಪುಸ್ತಕ

ಮಕ್ಕಳೇ, ನಿಮ್ಮ ಶಾಲೆಗೆ ಚುಚ್ಚುಮದ್ದು ಹಾಕಲು ಬರುವ ಸಿಸ್ಟರ್ ಅವರನ್ನು ಗಮನಿಸಿದ್ದೀರಾ? ಕೈ ತೊಳೆದುಕೊಳ್ಳುತ್ತಾರೆ, ಹೊಸ ಸೂಜಿ ತೆಗೆಯುತ್ತಾರೆ, ನಿಮ್ಮ ತೋಳಿಗೆ ಮದ್ದು ಹಾಕುತ್ತಾರೆ. ಅಷ್ಟಕ್ಕೇ ಅವರ ಕೆಲಸ ಮುಗಿಯುವುದಿಲ್ಲ. ಒಂದು ದೊಡ್ಡ ಪುಸ್ತಕ ತೆರೆದು ನಿಮ್ಮ ಹೆಸರು, ವಯಸ್ಸು, ದಿನಾಂಕ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ತೋಳು ಉಜ್ಜಿಕೊಳ್ಳುತ್ತಾ ನಿಂತ ನಿಮಗೆ ಆ ಪುಸ್ತಕ ದೊಡ್ಡ ವಿಷಯ ಎನಿಸದಿರಬಹುದು. ಆದರೆ ಸೂಜಿಯಂತೆಯೇ ಆ ಪುಸ್ತಕವೂ ಜೀವ ಉಳಿಸಬಲ್ಲದು. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಮುಖ್ಯರು.

ನೀವು ಅವರ ಚಿತ್ರ ನೋಡಿಯೇ ಇರುತ್ತೀರಿ. ರಾತ್ರಿಯ ಹೊತ್ತು, ಕೈಯಲ್ಲಿ ದೀಪ, ಸುತ್ತಲೂ ಗಾಯಗೊಂಡ ಸೈನಿಕರು. ಚಿತ್ರಕಾರರು ಬಹಳ ಸಲ ಅವರ ಕೈಗೆ ಅಲ್ಲಾವುದ್ದೀನನ ದೀಪದಂಥದ್ದನ್ನು ಕೊಟ್ಟಿದ್ದಾರೆ. ನಿಜವಾಗಿ ಅವರು ಹಿಡಿಯುತ್ತಿದ್ದುದು ಹಾರ್ಮೋನಿಯಂನ ತಿದಿಯಂತೆ ಮಡಚಬಹುದಾದ ಟರ್ಕಿ ದೇಶದ ಲಾಂದ್ರ. ದೀಪದ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಅವರ ಲೆಕ್ಕದ ಕಥೆಯನ್ನು ಹೇಳುತ್ತೇವೆ.

ಫ್ಲಾರೆನ್ಸ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಹುಟ್ಟಿದ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಅಕ್ಕ ಹುಟ್ಟಿದ್ದು ನೇಪಲ್ಸ್ ನಗರದಲ್ಲಿ. ಆ ಊರಿನ ಹಳೆಯ ಗ್ರೀಕ್ ಹೆಸರು ಪಾರ್ಥೆನೋಪ್. ಅಕ್ಕನಿಗೆ ಆ ಹೆಸರೇ ಬಂತು! ತಂದೆ ವಿಲಿಯಂ ನೈಟಿಂಗೇಲ್ ಇಂಗ್ಲೆಂಡಿನ ಶ್ರೀಮಂತರು. ಆ ಕಾಲದಲ್ಲಿ ಇಂಗ್ಲೆಂಡಿನ ಯಾವ ವಿಶ್ವವಿದ್ಯಾಲಯವೂ ಹೆಣ್ಣುಮಕ್ಕಳಿಗೆ ಪದವಿ ಕೊಡುತ್ತಿರಲಿಲ್ಲ. ಲಂಡನ್ ವಿಶ್ವವಿದ್ಯಾಲಯ 1878ರಲ್ಲಿ ಅದಕ್ಕೆ ಒಪ್ಪಿದಾಗ ಫ್ಲಾರೆನ್ಸ್ ಅವರಿಗೆ ಸುಮಾರು 58 ವರ್ಷವಾಗಿತ್ತು. ಹೀಗಾಗಿ ತಂದೆಯೇ ಮನೆಯಲ್ಲಿ ಮಕ್ಕಳಿಗೆ ಲ್ಯಾಟಿನ್, ಗ್ರೀಕ್, ಇತಿಹಾಸ ಕಲಿಸಿದರು. ಫ್ಲಾರೆನ್ಸ್‌ಳಿಗೆ ಪಟ್ಟಿ ಮಾಡುವುದೆಂದರೆ ಚಿಕ್ಕಂದಿನಿಂದಲೂ ಇಷ್ಟ. ತಾನು ಕೂಡಿಟ್ಟ ಚಿಪ್ಪುಗಳನ್ನೂ ಪಟ್ಟಿ ಮಾಡಿ ಇಡುತ್ತಿದ್ದಳು. ಇಪ್ಪತ್ತರ ಹರೆಯದಲ್ಲಿ ಗಣಿತ ಕಲಿಯಲು ಮೇಷ್ಟ್ರನ್ನು ಗೊತ್ತುಮಾಡಿ ಎಂದು ಹಟ ಹಿಡಿದಳು. ಮದುವೆಯಾಗಬೇಕಾದ ಹುಡುಗಿಗೆ ಗಣಿತವೇಕೆ ಎಂಬುದು ಮನೆಯವರ ಚಿಂತೆ.

ಗಣಿತವನ್ನಾದರೂ ಅವರು ಸಹಿಸಿಕೊಂಡರು. ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತೇನೆ ಎಂದಾಗ ಮನೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಇದಕ್ಕೆ ಕಾರಣವಿತ್ತು. ಆಗ ಶ್ರೀಮಂತರಿಗೆ ಕಾಯಿಲೆಯಾದರೆ ವೈದ್ಯರು ಮನೆಗೇ ಬರುತ್ತಿದ್ದರು. ಆಸ್ಪತ್ರೆ ಬಡವರ ಪಾಲಿನದು. ಕೊಳಕು, ದುರ್ವಾಸನೆ, ಒತ್ತೊತ್ತಾಗಿ ಹಾಕಿದ ಹಾಸಿಗೆಗಳು. ಅಲ್ಲಿನ ದಾದಿಯರಲ್ಲಿ ಹೆಚ್ಚಿನವರಿಗೆ ಯಾವ ತರಬೇತಿಯೂ ಇರಲಿಲ್ಲ. ಕುಡುಕಿಯರೆಂಬ ಕೆಟ್ಟ ಹೆಸರು ಬೇರೆ. ಅನುಮತಿ ಸಿಗಲಿಲ್ಲವೆಂದು ಫ್ಲಾರೆನ್ಸ್ ಸುಮ್ಮನೆ ಕೂರಲಿಲ್ಲ. ಬೆಳಗಾಗುವ ಮೊದಲೇ ಎದ್ದು ಆಸ್ಪತ್ರೆಗಳ ವರದಿಗಳನ್ನು ತರಿಸಿಕೊಂಡು ಓದುತ್ತಿದ್ದರು. ಕೊನೆಗೆ 1851ರಲ್ಲಿ, ತಮ್ಮ 31ನೇ ವಯಸ್ಸಿನಲ್ಲಿ, ಜರ್ಮನಿಯ ಕೈಸರ್ಸ್‌ವೆರ್ಥ್ ಎಂಬಲ್ಲಿ ಸುಮಾರು ಮೂರು ತಿಂಗಳು ಶುಶ್ರೂಷೆ ಕಲಿತರು. 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದರು.

ಅಷ್ಟರಲ್ಲಿ ಕ್ರಿಮಿಯಾ ಯುದ್ಧ ಬಂತು. 1854ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ಟರ್ಕಿಯ ಜೊತೆ ಸೇರಿ ರಷ್ಯದ ವಿರುದ್ಧ ಯುದ್ಧಕ್ಕಿಳಿದವು. ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಹಡಗಿನಲ್ಲಿ ಕಪ್ಪು ಸಮುದ್ರ ದಾಟಿಸಿ, ಸುಮಾರು 500 ಕಿ.ಮೀ. ದೂರದ ಸ್ಕುಟಾರಿಗೆ ತರುತ್ತಿದ್ದರು. ಸ್ಕುಟಾರಿ ಈಗಿನ ಇಸ್ತಾಂಬುಲ್ ನಗರದ ಒಂದು ಭಾಗ. ಅಲ್ಲಿನ ಹಳೆಯ ಸೇನಾ ವಸತಿ ಕಟ್ಟಡವೇ ಆಸ್ಪತ್ರೆಯಾಗಿತ್ತು. ಸೈನಿಕರು ಅಲ್ಲಿ ಪಡುತ್ತಿದ್ದ ಪಾಡು ಪತ್ರಿಕೆಗಳಲ್ಲಿ ಬಂದಾಗ ಇಂಗ್ಲೆಂಡಿನ ಜನ ಸಿಟ್ಟಿಗೆದ್ದರು. ಸರ್ಕಾರ ನೈಟಿಂಗೇಲ್ ಅವರನ್ನು ಕಳುಹಿಸಿತು. 38 ಮಂದಿ ದಾದಿಯರೊಂದಿಗೆ ಅವರು 1854ರ ನವೆಂಬರ್ 4ರಂದು ಸ್ಕುಟಾರಿ ತಲುಪಿದರು.

ಅಲ್ಲಿನ ಸ್ಥಿತಿಯನ್ನು ಊಹಿಸಿಕೊಳ್ಳಿ. ಉದ್ದನೆಯ ಓಣಿಗಳಲ್ಲಿ ಸಾಲಾಗಿ ಮಲಗಿದ ರೋಗಿಗಳು. ಮೈಮೇಲೆ ರಕ್ತ ಅಂಟಿದ ಹಳೆಯ ಬಟ್ಟೆ, ಅದರ ತುಂಬ ಹೇನು. ಸೋಪಿಲ್ಲ, ಟವೆಲ್ಲಿಲ್ಲ, ಊಟಕ್ಕೆ ಸರಿಯಾದ ತಟ್ಟೆಯಿಲ್ಲ. ನೈಟಿಂಗೇಲ್ ಮೊದಲು ತರಿಸಿದ್ದು ನೆಲ ತಿಕ್ಕುವ ಬ್ರಷ್ಷು, ಬಟ್ಟೆಬರೆಗಳನ್ನು. ಬಟ್ಟೆ ಒಗೆಯಲು ನೀರು ಕಾಯಿಸುವ ವ್ಯವಸ್ಥೆ ಮಾಡಿಸಿದರು. ನಿತ್ರಾಣರಾದವರಿಗೆ ಬೇರೆ ಅಡುಗೆಮನೆ ತೆರೆಸಿ ಗಂಜಿ, ಸಾರು ಕೊಡಿಸಿದರು. ರಾತ್ರಿ ಲಾಂದ್ರ ಹಿಡಿದು ಓಣಿಯುದ್ದಕ್ಕೂ ನಡೆದು ಎಲ್ಲರನ್ನೂ ನೋಡಿ ಬರುತ್ತಿದ್ದರು.

ಇಷ್ಟೆಲ್ಲ ಆದ ಮೇಲೆ ಸಾವು ಕಡಿಮೆಯಾಯಿತು ಎಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. ಆ ಚಳಿಗಾಲದಲ್ಲಿ ಸಾವಿನ ಸಂಖ್ಯೆ ಏರುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆ ಪಡೆದ ಪ್ರತಿ 100 ಮಂದಿಯಲ್ಲಿ 42ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಗುಂಡೇಟಲ್ಲ. ಕಾಲರಾ, ವಿಷಮಶೀತಜ್ವರ, ಆಮಶಂಕೆಯಂಥ ರೋಗಗಳು. ದಾದಿಯರು ಹಗಲಿರುಳು ದುಡಿಯುತ್ತಿದ್ದರೂ ರೋಗಿಗಳು ಕೈ ಜಾರಿ ಹೋಗುತ್ತಿದ್ದರು.

ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಿಂದ ಒಂದು ನೈರ್ಮಲ್ಯ ಆಯೋಗ ಬಂತು. ಅದರಲ್ಲಿ ಸದರ್ಲೆಂಡ್ ಎಂಬ ವೈದ್ಯರೂ ರಾಲಿನ್ಸನ್ ಎಂಬ ಎಂಜಿನಿಯರರೂ ಇದ್ದರು. ಅವರು ರೋಗಿಗಳನ್ನು ಪರೀಕ್ಷಿಸುವ ಮೊದಲು ಕಟ್ಟಡವನ್ನೇ ಪರೀಕ್ಷಿಸಿದರು! ಆಸ್ಪತ್ರೆಯ ಕೆಳಗೆ ಕಟ್ಟಿಕೊಂಡ ಚರಂಡಿಗಳಿದ್ದವು. ಅವುಗಳ ವಿಷಗಾಳಿ ಮೇಲಿನ ಕೋಣೆಗಳಿಗೆ ನುಗ್ಗುತ್ತಿತ್ತು. ಸುತ್ತಮುತ್ತ ಸತ್ತ ಪ್ರಾಣಿಗಳು ಕೊಳೆಯುತ್ತಿದ್ದವು. ಆಯೋಗದವರು ಚರಂಡಿಗಳನ್ನು ಶುಚಿ ಮಾಡಿಸಿದರು, ಕಸ ಸಾಗಿಸಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು, ಗಾಳಿಯಾಡಲು ದಾರಿ ಮಾಡಿಸಿದರು, ಕುಡಿಯುವ ನೀರನ್ನು ಸರಿಪಡಿಸಿದರು. ಜೂನ್ ಹೊತ್ತಿಗೆ ಸಾವು 100ಕ್ಕೆ ಸುಮಾರು 2ಕ್ಕೆ ಇಳಿಯಿತು.

ನೈಟಿಂಗೇಲ್ 1856ರಲ್ಲಿ ತಾಯ್ನಾಡಿಗೆ ಮರಳಿದಾಗ ದೇಶವೇ ಅವರನ್ನು ಕೊಂಡಾಡುತ್ತಿತ್ತು. ಅವರಿಗೆ ಹೊಗಳಿಕೆ ಬೇಕಿರಲಿಲ್ಲ. ಅಷ್ಟು ಜನ ಏಕೆ ಸತ್ತರು ಎಂಬ ಪ್ರಶ್ನೆ ಕಾಡುತ್ತಿತ್ತು. ಆಹಾರದ ಕೊರತೆ, ಚಳಿ, ದಣಿವು ಇವೇ ಮುಖ್ಯ ಕಾರಣ ಎಂದು ಅವರು ಮೊದಲು ತಿಳಿದಿದ್ದರು. ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞರ ಜೊತೆ ಕುಳಿತು ತಿಂಗಳು ತಿಂಗಳ ಸಾವಿನ ಲೆಕ್ಕ ಹಾಕಿದಾಗ ಬೇರೆಯೇ ಚಿತ್ರ ಕಂಡಿತು. ಕೊಳಕು ಮತ್ತು ಇಕ್ಕಟ್ಟು ಸೈನಿಕರನ್ನು ಕೊಂದಿದ್ದವು. ತಮ್ಮ ಆಸ್ಪತ್ರೆಯೂ ಅದಕ್ಕೆ ಹೊರತಾಗಿರಲಿಲ್ಲ. ಎಂಥ ಕಹಿ ಸತ್ಯ! ಬೇರೆ ಯಾರಾದರೂ ಆಗಿದ್ದರೆ ಆ ಕಾಗದಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಿದ್ದರೇನೋ. ಅವರು ಅವನ್ನು ಅಚ್ಚು ಹಾಕಿಸಿದರು.

ಅಂಕಿಗಳ ಪಟ್ಟಿಯನ್ನು ಮಂತ್ರಿಗಳು ಓದುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ 1858ರಲ್ಲಿ ಹೂವಿನಂತೆ ಕಾಣುವ ಒಂದು ನಕ್ಷೆ ಪ್ರಕಟಿಸಿದರು. ಒಂದು ವರ್ಷಕ್ಕೆ 12 ಎಸಳು, ತಿಂಗಳಿಗೊಂದು. ಎಸಳು ದೊಡ್ಡದಾದಷ್ಟೂ ಸಾವು ಹೆಚ್ಚು. ತಡೆಯಬಹುದಾಗಿದ್ದ ರೋಗಗಳಿಗೆ ನೀಲಿ, ಗಾಯಗಳಿಗೆ ಕೆಂಪು, ಉಳಿದ ಕಾರಣಗಳಿಗೆ ಕಪ್ಪು ಬಣ್ಣ. ನೋಡಿದವರ ಕಣ್ಣಿಗೆ ರಾಚುತ್ತಿದ್ದುದು ನೀಲಿ. ಕೆಂಪು ಅದರ ಮುಂದೆ ಚಿಕ್ಕದಾಗಿತ್ತು. ಸಂಖ್ಯೆಗಳನ್ನು ಓದಲು ಬಾರದವನಿಗೂ ಅದು ಅರ್ಥವಾಗುವಂತಿತ್ತು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ಸದಸ್ಯೆಯಾಗಿ ಆರಿಸಿತು. ಆ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆ ಅವರು.

ಇಲ್ಲಿ ಒಂದು ವಿಷಯ ಗಮನಿಸಿ. ರೋಗಾಣುಗಳು ರೋಗ ತರುತ್ತವೆ ಎಂದು ಆಗ ಸ್ಪಷ್ಟವಾಗಿ ತಿಳಿದಿರಲಿಲ್ಲ. ಪಾಶ್ಚರ್ ಮತ್ತು ಕಾಕ್ ಅವರ ಮುಖ್ಯ ಸಂಶೋಧನೆಗಳು ಬಂದದ್ದು ನಂತರ. ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂದು ಬಹಳ ಮಂದಿ ನಂಬಿದ್ದರು, ನೈಟಿಂಗೇಲ್ ಕೂಡ. ಆ ನಂಬಿಕೆ ತಪ್ಪು. ಆದರೂ ಅವರ ಲೆಕ್ಕ ಸರಿಯಾದ ಕಡೆಗೇ ಬೆರಳು ತೋರಿಸಿತು. ಚರಂಡಿ ಶುಚಿ ಮಾಡಿದರೆ ಕೆಟ್ಟ ಗಾಳಿಯ ಜೊತೆಗೆ ಕಾಣದ ರೋಗಾಣುವೂ ಹೋಗುತ್ತದಲ್ಲವೇ!

ಸ್ಕುಟಾರಿಯಿಂದ ಅವರು ಕಲಿತ ಇನ್ನೊಂದು ಪಾಠವೆಂದರೆ ಕರುಣೆಯೊಂದೇ ಸಾಲದು, ದಾದಿಗೆ ವಿದ್ಯೆ ಬೇಕು ಎಂಬುದು. ಜನರು ಅವರ ಗೌರವಾರ್ಥ ಕೂಡಿಸಿಕೊಟ್ಟ ಹಣ ಸುಮಾರು 44,000 ಪೌಂಡ್ ಇತ್ತು. ಅದರಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಮೊದಲ ತಂಡದಲ್ಲಿದ್ದವರು 15 ಮಂದಿ. ಒಂದು ವರ್ಷದ ತರಬೇತಿ. ಗಾಯಕ್ಕೆ ಪಟ್ಟಿ ಕಟ್ಟುವುದು, ಹಾಸಿಗೆ ಸಿದ್ಧಪಡಿಸುವುದು, ರೋಗಿಗೆ ಒಗ್ಗುವ ಅಡುಗೆ ಮಾಡುವುದು, ನಾಡಿ, ಚರ್ಮ, ಹಸಿವು ಹೇಗಿವೆ ಎಂದು ನೋಡಿ ವೈದ್ಯರಿಗೆ ತಿಳಿಸುವುದು ಇವೆಲ್ಲ ಪಾಠಗಳು. ಕ್ರಿಮಿಯಾದಲ್ಲಿ ಅಂಟಿದ ಜ್ವರದಿಂದ ನೈಟಿಂಗೇಲ್ ಅವರ ಆರೋಗ್ಯ ಕೆಟ್ಟಿತ್ತು. ಹಾಸಿಗೆಯಲ್ಲಿದ್ದುಕೊಂಡೇ ಅವರು ಪತ್ರಗಳ ಮೂಲಕ ಶಾಲೆಯನ್ನು ನೋಡಿಕೊಂಡರು. ಅಲ್ಲಿ ಕಲಿತವರು ದೂರದ ಊರುಗಳಿಗೆ ಹೋದರು. 1868ರಲ್ಲಿ ಲೂಸಿ ಆಸ್ಬರ್ನ್ ಐವರು ಸಂಗಾತಿಗಳೊಂದಿಗೆ ಆಸ್ಟ್ರೇಲಿಯದ ಸಿಡ್ನಿ ತಲುಪಿ ಅಲ್ಲಿನ ಆಸ್ಪತ್ರೆಯ ಹೊಣೆ ಹೊತ್ತರು.

ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೆ ಇಲ್ಲಿನ ಸೇನಾ ಠಾಣ್ಯಗಳಿಗೆಲ್ಲ ಪ್ರಶ್ನೆಗಳ ಪಟ್ಟಿ ಕಳುಹಿಸಿ ಉತ್ತರ ತರಿಸಿಕೊಂಡರು. ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬಂಥ ಪ್ರಶ್ನೆಗಳು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ 1000ಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ವರದಿ ತೋರಿಸಿತು. ಮುಂದೆ ಅವರ ಗಮನ ಸೈನಿಕರಿಂದ ನಮ್ಮ ಹಳ್ಳಿಗಳ ಕಡೆಗೆ ತಿರುಗಿತು. ನಿಮ್ಮ ಊರಿನ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರದ ಮಾತು ಕೇಳಿರಬಹುದು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನೂ ಮದ್ರಾಸ್ ಪ್ರಾಂತ್ಯವನ್ನೂ ಹಿಂಡಿದ ಬರ ಅದು. ಆಗ ನೈಟಿಂಗೇಲ್ ಭಾರತದ ರೈತರ ಕಷ್ಟದ ಬಗ್ಗೆ, ನೀರಾವರಿಯ ಅಗತ್ಯದ ಬಗ್ಗೆ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಬರೆದರು.

ಮುಪ್ಪಿನಲ್ಲಿ ಅವರು ಒಂದು ವಿಚಾರಕ್ಕೆ ಅಡ್ಡ ನಿಂತರು. ದಾದಿಯರಿಗೆ ಪರೀಕ್ಷೆ ನಡೆಸಿ, ಪಾಸಾದವರ ಹೆಸರನ್ನು ನೋಂದಾಯಿಸಬೇಕೆಂದು ಹಲವರು ಕೇಳತೊಡಗಿದ್ದರು. ಒಳ್ಳೆಯ ದಾದಿಯ ಗುಣವನ್ನು ಉತ್ತರಪತ್ರಿಕೆಯಲ್ಲಿ ಅಳೆಯಲಾಗದು ಎಂಬುದು ನೈಟಿಂಗೇಲ್ ಅವರ ವಾದ. ಅವರ ಮಾತಿನಲ್ಲಿ ಹುರುಳಿತ್ತು. ಆದರೆ ನೋಂದಣಿ ಇಲ್ಲದಿದ್ದರೆ ಕಲಿತವರು ಯಾರು, ಕಲಿಯದವರು ಯಾರು ಎಂದು ರೋಗಿಗೆ ಹೇಗೆ ತಿಳಿಯಬೇಕು? ಈ ಒಂದು ವಿಷಯದಲ್ಲಿ ಕಾಲ ಅವರ ಮಾತು ಕೇಳಲಿಲ್ಲ. ಅವರು 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. 1919ರಲ್ಲಿ ಬ್ರಿಟನ್ನಿನಲ್ಲಿ ನೋಂದಣಿ ಕಾನೂನು ಬಂತು.

ದಾದಿಯರ ಓದು ಮುಂದೆ ಆಸ್ಪತ್ರೆಯ ಶಾಲೆಯಿಂದ ವಿಶ್ವವಿದ್ಯಾಲಯಕ್ಕೂ ಕಾಲಿಟ್ಟಿತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1909ರಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತು. ನಮ್ಮ ದೇಶದಲ್ಲಿ 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ಪದವಿ ತರಗತಿಗಳು ತೆರೆದವು. ನೈಟಿಂಗೇಲ್ ಕಟ್ಟಿದ ಶಾಲೆಯೂ ಈಗ ಲಂಡನ್ನಿನ ಕಿಂಗ್ಸ್ ಕಾಲೇಜಿನ ಒಂದು ವಿಭಾಗವಾಗಿ, ಅವರದೇ ಹೆಸರಿನಲ್ಲಿ ಪದವಿ ಪಾಠ ನಡೆಸುತ್ತಿದೆ.

ನಿಮ್ಮಲ್ಲಿ ಯಾರಿಗಾದರೂ ಈ ಓದಿನ ಆಸೆ ಇದೆಯೇ? ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಸೇರಬಹುದು. ಹುಡುಗರೂ ಸೇರಬಹುದು. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಈ ಪದವಿ ಕೊಡುತ್ತದೆ. ದೇಹರಚನೆ, ಸೂಕ್ಷ್ಮಜೀವಿಗಳು, ಔಷಧಗಳು, ಪೋಷಣೆ, ಮನಶ್ಶಾಸ್ತ್ರ, ಹೆರಿಗೆ ಆರೈಕೆ, ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಕಲಿಯಬೇಕು. ಓದು ಕಷ್ಟದ್ದೇ. ರಾತ್ರಿ ಪಾಳಿಯೂ ಇರುತ್ತದೆ. ಓದಿ ಮುಗಿಸಿದವರು ತೀವ್ರ ನಿಗಾ ಘಟಕದಲ್ಲಿ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ದುಡಿಯುತ್ತಾರೆ. ಕೆಲವರು ಸೇನೆಯ ಶುಶ್ರೂಷಾ ವಿಭಾಗ ಸೇರುತ್ತಾರೆ. ಕೆಲವರು ಮುಂದೆ ಓದಿ ಬೋಧಕರಾಗುತ್ತಾರೆ, ಸಂಶೋಧನೆ ಮಾಡುತ್ತಾರೆ. ಹಳ್ಳಿಯ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ತಪಾಸಣೆ ಮಾಡುವವರಲ್ಲೂ ಈ ಪದವೀಧರರಿದ್ದಾರೆ.

ಮಾಡಿ ನೋಡಿ: ನಿಮ್ಮ ತರಗತಿಯ ಹಾಜರಿ ಪುಸ್ತಕದಿಂದ, ಕಾಯಿಲೆಯಿಂದಾಗಿ ಪ್ರತಿ ತಿಂಗಳು ಎಷ್ಟು ದಿನದ ಗೈರುಹಾಜರಿ ಆಯಿತೆಂದು ಶಿಕ್ಷಕರ ಸಹಾಯದಿಂದ ಲೆಕ್ಕ ಹಾಕಿ. ಕೋನಮಾಪಕದಿಂದ 30 ಡಿಗ್ರಿಗೊಂದರಂತೆ 12 ಭಾಗ ಮಾಡಿ, ತಿಂಗಳಿಗೊಂದು ಎಸಳು ಬರೆಯಿರಿ. ಎಸಳಿನ ತ್ರಿಜ್ಯ ಆ ಸಂಖ್ಯೆಯ ವರ್ಗಮೂಲವಾಗಿರಲಿ. 36 ಇದ್ದರೆ 6 ಸೆಂ.ಮೀ., 9 ಇದ್ದರೆ 3 ಸೆಂ.ಮೀ. ವರ್ಗಮೂಲ ಏಕೆ? 36 ಎಂಬುದು 9ರ ನಾಲ್ಕು ಪಟ್ಟು. ತ್ರಿಜ್ಯವನ್ನೇ ನಾಲ್ಕು ಪಟ್ಟು ಮಾಡಿದರೆ ಎಸಳಿನ ವಿಸ್ತೀರ್ಣ 16 ಪಟ್ಟಾಗಿ ಕಣ್ಣಿಗೆ ಮೋಸವಾಗುತ್ತದೆ. ಯಾವ ತಿಂಗಳ ಎಸಳು ಎಲ್ಲಕ್ಕಿಂತ ದೊಡ್ಡದು? ಶಾಲೆಗೆ ಸಿಸ್ಟರ್ ಬಂದಾಗ ನಕ್ಷೆ ತೋರಿಸಿ, ಆ ತಿಂಗಳು ಊರಿನಲ್ಲಿ ಯಾವ ಕಾಯಿಲೆ ಇತ್ತು ಎಂದು ಕೇಳಿ.