ಯಳಂದೂರಿನ ಸಂಚಿಯ ಹೊನ್ನಮ್ಮ

ಕೊಳ್ಳೇಗಾಲ, ಹನೂರು, ಯಳಂದೂರುಗಳ ಸಂತೆಗಳಿಗೆ ಹೋಗಿಬರುವ ನಮ್ಮಲ್ಲಿ ಅನೇಕರು ಯಳಂದೂರಿನ ಬಳೇಮಂಟಪವನ್ನೂ ಅದರ ಕಲ್ಲಿನ ಬಳೆಗಳನ್ನೂ ನೋಡಿ ಆಶ್ಚರ್ಯಪಟ್ಟಿದ್ದೇವೆ. ಆದರೆ ಅದೇ ಊರಿನ ಒಬ್ಬ ಸ್ತ್ರೀಯು ರಚಿಸಿದ ಗ್ರಂಥವನ್ನು ಬಲ್ಲವರು ನಮ್ಮೊಳಗೆ ಕೊಂಚವೇ. ಆ ಗ್ರಂಥವು ಯುದ್ಧದ ವಿಷಯವಲ್ಲ, ಮನೆಯ ವಿಷಯವಾಗಿದೆ. ಆದದರಿಂದ ಮನೆಯನ್ನು ಚೊಕ್ಕಟವಾಗಿ ನಡಿಸಬೇಕೆಂದಿರುವ ದಂಪತಿಗಳಿಗೆ ಆಕೆಯ ಚರಿತ್ರೆಯನ್ನು ತಿಳಿಸುವದು ಉಚಿತವೆಂದು ನಮಗೆ ತೋರಿತು.

ಆಕೆಯ ಹೆಸರು ಹೊನ್ನಮ್ಮ. ಚಿಕ್ಕದೇವರಾಜ ಒಡೆಯರು 1673 ರಿಂದ 1704 ರ ವರೆಗೆ ಮೈಸೂರು ರಾಜ್ಯವನ್ನು ಆಳುತ್ತಿದ್ದಾಗ ಆಕೆಯು ಅವರ ಅರಮನೆಯಲ್ಲಿದ್ದಳು. ಯಳಂದೂರಿನಿಂದಲೇ ಬಂದ ರಾಣಿ ದೇವಾಜಮ್ಮಣ್ಣಿಯವರ ಸೇವೆಯಲ್ಲಿದ್ದು ಎಲೆಯಡಿಕೆಯ ಸಂಚಿಯನ್ನು ಹಿಡಿಯುವದೇ ಆಕೆಯ ಕೆಲಸವಾಗಿತ್ತು. ಅದರಿಂದಲೇ ಸಂಚಿಯ ಹೊನ್ನಮ್ಮನೆಂಬ ಹೆಸರು ಬಂತು. ಸಂಚಿಯೆಂದರೇನೆಂದು ನಮ್ಮ ಮುದುಕಿಯರು ಬಲ್ಲರು. ಅದರಲ್ಲಿ ಎಲೆಗೆ ಒಂದು ಅರೆ, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಮತ್ತೊಂದು ಇರುವವು. ಒಂದು ಮತ್ತೊಂದರೊಳಗೆ ಬಿದ್ದರೆ ಕೇಳಿದ ಹೊತ್ತಿಗೆ ಯಾವದೂ ಕೈಗೆ ಸಿಕ್ಕದು. ಚಿಕ್ಕ ಕೆಲಸವಾದರೂ ಪ್ರತಿಯೊಂದನ್ನು ಅದರದರ ಸ್ಥಳದಲ್ಲಿಡುವ ಶಿಸ್ತು ಅದಕ್ಕೆ ಬೇಕು.

ಆ ಅರಮನೆಯಲ್ಲಿ ಪಂಡಿತರು ಬಹಳ ಮಂದಿ ಇದ್ದರು. ಮಂತ್ರಿಯಾದ ತಿರುಮಲಾರ್ಯನ ತಮ್ಮನೂ ಈಗ ದೊರೆಯುವ ಕನ್ನಡ ನಾಟಕಗಳಲ್ಲಿ ಮೊದಲನೆಯದಾದ ಮಿತ್ರವಿಂದಾಗೋವಿಂದವನ್ನು ಬರೆದವನೂ ಆದ ಸಿಂಗರಾರ್ಯನು ಹೊನ್ನಮ್ಮನಿಗೆ ಗುರುವಾದನು. ಸಂಚಿ ಹಿಡಿಯುವ ಕೈ ಕಾವ್ಯಕ್ಕೆ ತಕ್ಕದ್ದಲ್ಲವೆಂದು ಅವನು ಎಣಿಸಲಿಲ್ಲ. ಹೀಗೆ ಆಕೆಯು ಹದಿಬದೆಯ ಧರ್ಮವೆಂಬ ಒಂಬತ್ತು ಸಂಧಿಗಳ ಗ್ರಂಥವನ್ನು ರಚಿಸಿದಳು. ಹದಿಬದೆಯೆಂದರೆ ಪತಿವ್ರತೆ. ಹಾಡಿಕೊಳ್ಳಲು ಸುಲಭವಾದ ಸಾಂಗತ್ಯದಲ್ಲಿ ಅದು ಇರುವದರಿಂದ ಓದುಬಾರದ ಹೆಂಗಸರೂ ಕೇಳಿ ತಿಳಿಯುವಂತಿತ್ತು.

ಗೃಹಿಣಿಯು ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು, ಗಂಡನನ್ನೂ ಹಿರಿಯರನ್ನೂ ಹೇಗೆ ಉಪಚರಿಸಬೇಕು ಎಂಬದನ್ನು ಆಕೆಯು ಆ ಗ್ರಂಥದಲ್ಲಿ ಬೋಧಿಸುತ್ತಾಳೆ. ನಾವು ಮರೆಮಾಡದೆ ಹೇಳಬೇಕಾದರೆ, ಮನೆಯ ಭಾರವನ್ನು ಆಕೆಯು ಹೆಂಡತಿಯ ಹೆಗಲಿಗೇ ಹೊರಿಸಿದಳು; ಆ ಕಾಲದ ವಾಡಿಕೆಯು ಹಾಗಿತ್ತು. ಆದರೂ ಅದೇ ಗ್ರಂಥದಲ್ಲಿ, ಮಗಳು ಹುಟ್ಟಿದಳೆಂದು ಮುಖ ಬಾಡಿಸುವವರನ್ನು ಆಕೆಯು ಗದರಿಸುತ್ತಾಳೆ. ತನ್ನನ್ನು ಹೆತ್ತು ಸಾಕಿದವಳು ಒಬ್ಬ ಹೆಂಗಸೆಂಬದನ್ನು ಮರೆತು ಹೆಣ್ಣನ್ನು ಹೀನವೆನ್ನುವವನು ಅವಿವೇಕಿಯೆಂದು ತೋರಿಸಿಕೊಡುತ್ತಾಳೆ. ಅರಸನ ಅರಮನೆಯೊಳಗಿದ್ದ ಒಬ್ಬ ಸೇವಕಿಯು ಇಷ್ಟು ಧೈರ್ಯದಿಂದ ಬರೆದಳೆಂಬದು ಸಾಮಾನ್ಯವಾದ ಸಂಗತಿಯಲ್ಲ.

ಈ ಮಾತನ್ನು ಒಪ್ಪಿಕೊಂಡ ಮೇಲೆ ಅದು ಅಡಿಗೆಮನೆಯ ಬಾಗಲಲ್ಲಿ ನಿಂತುಹೋಗಬಹುದೋ? ಹೆಣ್ಣು ಹೀನಳಲ್ಲವಾದರೆ ಆಕೆಯ ಕೈಯ ಕೆಲಸವೂ ಹೀನವಾದದ್ದಲ್ಲ. ಹೀನವಲ್ಲದ ಕೆಲಸವನ್ನು ಮಾಡುವದಕ್ಕೆ ಗಂಡಸು ನಾಚುವದು ಯಾಕೆ?

ನಮ್ಮ ಸೀಮೆಯ ರೇಷ್ಮೆ ಹುಳುವಿನ ಮನೆಗಳನ್ನು ನೋಡಿರಿ. ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಅವುಗಳ ಹಸಿವೆಗೆ ಮಿತಿಯಿಲ್ಲ. ಆಗ ಗಂಡನೂ ಹೆಂಡತಿಯೂ ಕೂಡಿ ಹಿಪ್ಪುನೇರಳೆ ಸೊಪ್ಪನ್ನು ಕೊಯ್ದು, ಹೊತ್ತು ತಂದು, ರಾತ್ರಿಯೂ ಎದ್ದು ಹಾಕುತ್ತಾರೆ. ಹುಳುವಿನ ಹಿಕ್ಕೆಯನ್ನೂ ಒಣಗಿದ ಕಡ್ಡಿಯನ್ನೂ ಗಂಡಸೇ ಬಳಿದು ಹೊರಗೆ ಹಾಕುತ್ತಾನೆ. ಹೊಲಸಿನಲ್ಲಿ ಹುಳುವಿಗೆ ರೋಗ ತಗಲುವದೆಂದು ಅವನು ಬಲ್ಲನು. ಅದನ್ನು ಹೆಂಗಸಿನ ಕೆಲಸವೆಂದು ಯಾರೂ ಹೇಳುವದಿಲ್ಲ. ಆದರೆ ಅದೇ ಮನುಷ್ಯನು ತನ್ನ ಮಕ್ಕಳು ಮಲಗುವ ನೆಲವನ್ನು ಗುಡಿಸಬೇಕಾದರೆ ನೆರೆಯವರ ನಗೆಗೆ ಹೆದರುತ್ತಾನೆ. ಹುಳುವಿಗೆ ತೋರಿಸುವ ಎಚ್ಚರಿಕೆಯನ್ನು ಮಕ್ಕಳಿಗೆ ತೋರಿಸಲು ನಾಚುವದು ಎಂಥಾ ಮಾನ? ಇಬ್ಬರೂ ಹೊಲದಿಂದ ಒಂದೇ ಹೊತ್ತಿಗೆ ಬರುತ್ತಾರೆ; ಒಬ್ಬನು ಜಗಲಿಯ ಮೇಲೆ ಕಾಲು ಚಾಚುತ್ತಾನೆ, ಒಬ್ಬಳು ಕೊಡ ಎತ್ತುತ್ತಾಳೆ. ಇದನ್ನು ನಾವು ಎಷ್ಟು ಮನೆಗಳಲ್ಲಿ ಕಂಡಿಲ್ಲ! ನಮ್ಮ ಸ್ವಂತ ಮನೆಯಲ್ಲಿಯೂ ಕಂಡು ಬಹುಕಾಲ ಸುಮ್ಮನಿದ್ದೆವೆಂದು ಒಪ್ಪಿಕೊಳ್ಳುತ್ತೇವೆ.

ಮಾಡಬೇಕಾದದ್ದು ಕಷ್ಟವಾದದ್ದಲ್ಲ. ಒಬ್ಬರು ಒಲೆ ಹಚ್ಚುವಾಗ ಮತ್ತೊಬ್ಬರು ನೀರು ಸೌದೆಗಳನ್ನು ಒದಗಿಸಲಿ. ಒಬ್ಬರು ರಾಗಿ ಹಿಟ್ಟನ್ನು ತಿರುವುವಾಗ ಮತ್ತೊಬ್ಬರು ಮಕ್ಕಳ ಕೈಕಾಲು ತೊಳೆಯಲಿ. ಉಂಡವರು ತಮ್ಮ ತಟ್ಟೆಯನ್ನು ತಾವೇ ಬೆಳಗಲಿ. ಕುಡುಗೋಲು, ಹಗ್ಗ, ಬಟ್ಟೆ, ದೀಪ ಇವೆಲ್ಲಕ್ಕೆ ಹೊನ್ನಮ್ಮನ ಸಂಚಿಯಲ್ಲಿದ್ದಂತೆ ಒಂದೊಂದು ಸ್ಥಳವಿರಲಿ. ತೆಗೆದವರೇ ತಿರಿಗಿ ಇಡಲಿ. ಪೊರಕೆಯನ್ನು ಮಗಳ ಕೈಗೆ ಕೊಡುವವರು ಮಗನ ಕೈಗೂ ಕೊಡಲಿ.

ಹೊನ್ನಮ್ಮನು ತೀರಿಹೋಗಿ ಬಹುಕಾಲವಾಯಿತು. ಆಕೆಯು ಹೆಂಡತಿಯರ ಧರ್ಮವನ್ನು ಬರೆದಿಟ್ಟಳು. ಗಂಡಂದಿರ ಪಾಲನ್ನು ನಾವು ಕಾಗದದ ಮೇಲೆ ಬರೆಯಬೇಕಾದದ್ದಿಲ್ಲ. ಈ ಸಾಯಂಕಾಲ ಮನೆಗೆ ಹೋಗಿ ಕೊಡವನ್ನು ಎತ್ತಿಕೊಂಡರೆ ಸಾಕು.