ಕರ್ಮಯೋಗಿ ವಿಶ್ವೇಶ್ವರಯ್ಯನವರು ಮತ್ತು ನಮ್ಮ ದಿನನಿತ್ಯದ ಅಭ್ಯಾಸ



ನಮ್ಮ ಸಹಕಾರ ಸಂಘ ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಸಂತೋಷದ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಪರಿಚಯಿಸುವ ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಯಾರೂ ಹಿಂದೆ ಬಿದ್ದು ಹೇಳದೆ ಇದ್ದರೂ ಮನುಷ್ಯ ತಾನಾಗಿಯೇ ಒಳ್ಳೆಯ ಅಭ್ಯಾಸ ರೂಢಿಸಿಕೊಂಡು ಬಾಳಿನಲ್ಲೂ ವ್ಯವಹಾರದಲ್ಲೂ ಮೇಲೆ ಬರೋದು ಹೇಗೆ, ಅದನ್ನು ಬರೆಯಿರಿ ಅಂದರು. ಇದಕ್ಕೆ ಭಾರತರತ್ನ ಸರ್ ಎಂ. ವಿಶ್ವೇಶ್ವರಯ್ಯನವರಿಗಿಂತ ಬೇರೆ ಹೆಸರು ನನಗೆ ಹೊಳೆಯಲಿಲ್ಲ. ಅವರ ಕಥೆ ಎಲ್ಲರಿಗೂ ಗೊತ್ತಿರೋದೇ ಅಲ್ವಾ ಅಂತ ಕೆಲವರು ಅನ್ನಬಹುದು. ಕನ್ನಂಬಾಡಿ ಕಟ್ಟಿದವರು, ದಿವಾನರಾಗಿದ್ದವರು, ಮೈಸೂರು ಪೇಟ ಧರಿಸುತ್ತಿದ್ದವರು ಅಂತ ಗೊತ್ತು. ಅವರು ಒಂದು ದಿನವನ್ನು ಹೇಗೆ ಬಳಸುತ್ತಿದ್ದರು ಅನ್ನೋದರ ಕಡೆ ನಾವು ಗಮನ ಕೊಟ್ಟಿದ್ದು ಕಡಿಮೆ.

ನಮ್ಮ ಸೀಮೆಗೂ ಅವರಿಗೂ ಒಂದು ನಂಟಿದೆ. ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದು ಹಾಸನದ ಮೇಲೆ ಮೈಸೂರಿಗೆ ಹೋಗುವ ರೈಲು ಹತ್ತಿದವರು ನಮ್ಮಲ್ಲಿ ಯಾರಿಲ್ಲ? ಬೆಂಗಳೂರಿನಿಂದ ಹರಿಹರದ ಕಡೆ ಹೋಗುವ ಹಾದಿ ಹತ್ತೊಂಬತ್ತನೇ ಶತಮಾನದಲ್ಲೇ ಬಂದಿತ್ತು. ಅದಕ್ಕೆ ಮೈಸೂರನ್ನು ಹಾಸನದ ಮಾರ್ಗವಾಗಿ ಜೋಡಿಸಿದ ಮೈಸೂರು-ಅರಸೀಕೆರೆ ಹಾದಿ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದ ಕೆಲಸ. ಆಗ ಅದು ಮೀಟರ್ ಗೇಜು, ಈಗ ಬ್ರಾಡ್‌ಗೇಜು. ನಮ್ಮ ಕಾಯಿ, ಕೊಬ್ಬರಿ, ಆಲೂಗೆಡ್ಡೆ ದೂರದ ಊರು ಕಾಣುವುದಕ್ಕೆ, ಬೇಲೂರು ಹಳೇಬೀಡು ನೋಡಲು ದೇಶದ ನಾನಾ ಕಡೆಯ ಜನ ಬಂದಿಳಿಯುವುದಕ್ಕೆ ಆ ಹಾದಿಯಿಂದ ಆದ ಅನುಕೂಲ ಸಣ್ಣದಲ್ಲ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆ ಇತ್ತು, ದುಡ್ಡು ಇರಲಿಲ್ಲ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಓದಿ, ಬೆಂಗಳೂರಿನಲ್ಲಿದ್ದ ಸೋದರಮಾವನವರ ಆಸರೆಯಲ್ಲಿ ಮುಂದಿನ ವಿದ್ಯಾಭ್ಯಾಸಕ್ಕೆ ಬಂದರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಮೂಲದ ಒಂದು ಮನೆಯ ಮಕ್ಕಳಿಗೆ ಪಾಠ ಹೇಳಿ ಖರ್ಚು ತೂಗಿಸಿದರು. ಪಾಠ ಹೇಳುವ ಮನೆ ಒಂದು ಕಡೆ, ಮಾವನ ಮನೆ ಇನ್ನೊಂದು ಕಡೆ, ಕಾಲೇಜು ಮತ್ತೊಂದು ಕಡೆ. ಎಲ್ಲಾ ನಡಿಗೆಯಲ್ಲೇ. ಹೊತ್ತಿನ ಬೆಲೆ ಅವರಿಗೆ ಯಾರೂ ಉಪನ್ಯಾಸ ಮಾಡಿ ಕಲಿಸಲಿಲ್ಲ. ಹೊತ್ತು ತಪ್ಪಿದರೆ ಊಟ ತಪ್ಪುತ್ತಿತ್ತು, ಪಾಠ ತಪ್ಪುತ್ತಿತ್ತು. 1881ರಲ್ಲಿ ಬಿ.ಎ. ಆಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ಸೈನ್ಸ್ ಕಾಲೇಜು ಸೇರಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಹುದ್ದೆ ಸಿಕ್ಕಿತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದ ಒಂದು ಸಂಗತಿಯನ್ನು ನಮ್ಮ ಯುವಕರು ಗಮನಿಸಬೇಕು. ಖಾನದೇಶದ ಧುಳೆ ಸೀಮೆಯಲ್ಲಿ ಪಾಂಝರಾ ಹೊಳೆಯ ತಳದಲ್ಲಿ ಕೊಳವೆ ಹಾಯಿಸಿ ಆಚೆ ದಡಕ್ಕೆ ನೀರು ಒಯ್ಯುವ ಕೆಲಸ ಅವರ ಪಾಲಿಗೆ ಬಂತು. ಮಳೆಗಾಲ. ಮಾಡಿದ ಕೆಲಸ ಹೊಳೆಯ ಮರಳಿನಲ್ಲಿ ಹೂತುಹೋಗೋದು, ಮತ್ತೆ ತೆಗೆಯೋದು. ಮಳೆ ಮುಗಿದ ಮೇಲೆ ಮಾಡೋಣ ಅಂತ ಅವರು ಮೇಲಧಿಕಾರಿಗೆ ಬರೆದರು. ನಮ್ಮಲ್ಲಿ ಯಾರೇ ಆಗಿದ್ದರೂ ಹಾಗೇ ಬರೆಯುತ್ತಿದ್ದೆವು. ಆ ಅಧಿಕಾರಿಗೆ ಅದು ಹಿಡಿಸಲಿಲ್ಲ, ಅಸಮಾಧಾನ ತೋರಿಸಿ ಉತ್ತರ ಕಳಿಸಿದರು. ತರುಣ ವಿಶ್ವೇಶ್ವರಯ್ಯನವರು ಮುನಿಸಿಕೊಂಡು ಕೂರಲಿಲ್ಲ. ಮಳೆ ಪ್ರವಾಹದ ಮಧ್ಯೆಯೇ ಕೆಲಸಕ್ಕೆ ಇಳಿದು ಮುಗಿಸಿಕೊಟ್ಟರು. ಅಧಿಕಾರಿಯ ಅಸಮಾಧಾನ ಮೆಚ್ಚುಗೆಗೆ ತಿರುಗಿತು. ಇಷ್ಟಾಗಿ ಅವರು ಯಾರನ್ನೋ ಮೆಚ್ಚಿಸೋಕೆ ಬದುಕಿದವರಲ್ಲ ಅನ್ನೋದು ಮುಂದಿನ ಅವರ ನಡವಳಿಕೆಯಿಂದ ಗೊತ್ತಾಗುತ್ತೆ. ಒಪ್ಪಿಕೊಂಡ ಕೆಲಸವನ್ನು ಹವಾಮಾನ ನೋಡಿ ಮುಂದೂಡಬಾರದು ಅನ್ನೋದು ಮಾತ್ರ ಅವತ್ತಿನಿಂದ ಮೈಗೆ ಹತ್ತಿತು.

ಮುಂಬಯಿ ಪ್ರಾಂತದಲ್ಲಿ ಅವರು ಮಾಡಿದ ಕೆಲಸಗಳು ಹಲವು. ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರು, ಬೇರೆ ಬೇರೆ ಊರುಗಳ ನೀರಿನ ಯೋಜನೆ ಎಲ್ಲ ಬರೆದರೆ ಈ ಸಂಚಿಕೆಯ ಪುಟ ಸಾಲದು. ರೈತರಾದ ನಮಗೆ ಎರಡು ಮುಖ್ಯ. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ 1903ರಲ್ಲಿ ತಾವೇ ರೂಪಿಸಿದ ಬಾಗಿಲುಗಳನ್ನು ಹಾಕಿಸಿದರು. ನೀರು ಒಂದು ಮಟ್ಟ ಮುಟ್ಟಿದರೆ ಬಾಗಿಲು ತಾನಾಗಿಯೇ ತೆರೆದು ಹೆಚ್ಚಿನ ನೀರು ಬಿಡುತ್ತೆ, ಇಳಿದರೆ ತಾನಾಗಿಯೇ ಮುಚ್ಚಿಕೊಳ್ಳುತ್ತೆ. ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಇನ್ನೊಂದು, ನೀರಾ ನಾಲೆಯ ಕೆಳಗೆ ಜಮೀನನ್ನು ಭಾಗ ಮಾಡಿ ಸರದಿಯ ಮೇಲೆ ನೀರು ಕೊಡುವ ಬ್ಲಾಕ್ ಪದ್ಧತಿ. ನಾಲೆಯ ತಲೆಯಲ್ಲಿರೋರು ಬೇಕಾದಷ್ಟು ಹರಿಸಿಕೊಂಡು ಬಾಲದಲ್ಲಿರೋರು ಬಾಯಿ ಬಿಡೋದು ತಪ್ಪಲಿ ಅಂತ. ಮೊದಲು ರೈತರೇ ವಿರೋಧಿಸಿದರು. ಅವರು ಜನರನ್ನು ಕೂರಿಸಿಕೊಂಡು ಲೆಕ್ಕ ತೋರಿಸಿ ಒಪ್ಪಿಸಿದರು. ನಮ್ಮ ಕೆರೆ ಏರಿಯ ಮೇಲೆ ತೂಬಿನ ವಿಷಯಕ್ಕೆ ಆದ ಜಗಳಗಳನ್ನು ಕಂಡವರಿಗೆ ಇದು ಎಷ್ಟು ಕಷ್ಟದ ಕೆಲಸ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅವರ ಅಭ್ಯಾಸಗಳ ವಿಷಯಕ್ಕೆ ಬರೋಣ. ಶ್ರೀಯುತರು ಕಾಗದ-ಪೆನ್ಸಿಲಿನ ಮನುಷ್ಯ. ಏನೇ ಯೋಚನೆ ಬಂದರೂ ಬರೆದಿಡುವುದು, ಬರೆದದ್ದನ್ನು ತಿದ್ದುವುದು, ತಿದ್ದಿದ್ದನ್ನು ಮತ್ತೆ ತಿದ್ದುವುದು. ಹತ್ತು ನಿಮಿಷದ ಭಾಷಣಕ್ಕೂ ಮುಂಚಿತವಾಗಿ ಬರಹ ಸಿದ್ಧವಾಗಬೇಕು. 1898ರಲ್ಲಿ ಜಪಾನಿಗೆ ಹೋದಾಗಲೂ, ಮುಂದೆ ಯೂರೋಪು ಅಮೆರಿಕ ಸುತ್ತಿದಾಗಲೂ ಅವರ ಕಣ್ಣು ಅಲ್ಲಿನ ಶಾಲೆ, ಕಾರ್ಖಾನೆ, ಬ್ಯಾಂಕುಗಳ ಮೇಲೆ. ನೋಡಿದ್ದನ್ನು ಟಿಪ್ಪಣಿ ಮಾಡಿಕೊಂಡು ಬಂದು ಇಲ್ಲಿ ಏನು ಮಾಡಬಹುದು ಅಂತ ಯೋಚಿಸುತ್ತಿದ್ದರು. ಭೇಟಿಗೆ ಕೊಟ್ಟ ಸಮಯ ಅಂದರೆ ಸಮಯ. ಮಿತವಾದ ಊಟ, ದಿನವೂ ನಡಿಗೆ, ಯಾರನ್ನೇ ಕಾಣಬೇಕಾದರೂ ಒಪ್ಪವಾದ ಉಡುಪು. ಮುಪ್ಪಿನಲ್ಲೂ ಇದು ಬದಲಾಗಲಿಲ್ಲ.

ಇದರಲ್ಲಿ ಯಾವುದಕ್ಕೂ ದೊಡ್ಡ ಬುದ್ಧಿವಂತಿಕೆ ಬೇಕಾಗಿಲ್ಲ. ಕನ್ನಂಬಾಡಿಯಂಥ ಕಟ್ಟೆಯ ನಕ್ಷೆ ಬರೆಯೋದು ನಮ್ಮಿಂದ ಆಗದು. ನಾಳೆ ಮಾಡೋ ಕೆಲಸವನ್ನು ಇವತ್ತು ರಾತ್ರಿ ಒಂದು ಚೀಟಿಯಲ್ಲಿ ಬರೆದಿಡೋದು ಏಳನೇ ಕ್ಲಾಸು ಓದಿದವರಿಂದಲೂ ಆಗುತ್ತೆ. ಉತ್ಸಾಹ ಅನ್ನೋದು ಬರುತ್ತೆ ಹೋಗುತ್ತೆ. ಅಂಗಡಿ ಶುರುಮಾಡಿದ ಮೊದಲ ಮೂರು ತಿಂಗಳು ಎಲ್ಲರಿಗೂ ಇರುತ್ತೆ, ಹಸು ತಂದ ಮೊದಲ ವಾರ ಎಲ್ಲರೂ ಬೆಳಗಿನ ಜಾವ ಏಳ್ತಾರೆ. ಆಮೇಲೆ ಕೈಹಿಡಿಯೋದು ಅಭ್ಯಾಸವೇ. ನಮ್ಮ ಅರಸೀಕೆರೆ ಕಡೆಯವರಿಗೆ ಇದು ಹೊಸದಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗೋಕೆ ಹತ್ತು ಹನ್ನೊಂದು ತಿಂಗಳು ಬೇಕು, ನಡುವೆ ಒಡೆದು ನೋಡಿದರೆ ಕಾಯೂ ಇಲ್ಲ ಕೊಬ್ಬರಿಯೂ ಇಲ್ಲ. ಬೇಲೂರಿನಲ್ಲಿ ದಾಸೋಜ, ಚಾವಣ ಎಂಬ ತಂದೆ ಮಗ ವಿಗ್ರಹಗಳ ಕೆಳಗೆ ಹೆಸರು ಕೆತ್ತಿಟ್ಟಿದ್ದಾರಲ್ಲ, ಅವರೂ ದಿನಕ್ಕೆ ಇಷ್ಟಿಷ್ಟೇ ಉಳಿ ಹಾಕಿ ಮುಗಿಸಿದವರೇ.

1908ರಲ್ಲಿ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಅಪಾರ ಪ್ರಾಣಹಾನಿಯಾದಾಗ ನಿಜಾಮರ ಸರ್ಕಾರ ಇವರನ್ನು ಕರೆಸಿಕೊಂಡಿತು. ಮುಂದೆ ಪ್ರವಾಹ ತಡೆಯಲು ಮೇಲ್ಭಾಗದಲ್ಲಿ ಜಲಾಶಯ ಕಟ್ಟುವ ಸಲಹೆ ಇವರದೇ. 1909ರಲ್ಲಿ ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆದರು, 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ದಿವಾನರನ್ನಾಗಿ ಮಾಡಿದರು. ಅಧಿಕಾರ ಒಪ್ಪಿಕೊಳ್ಳುವ ಮುಂಚೆ ಅವರು ನೆಂಟರಿಷ್ಟರನ್ನು ಕರೆದು, ತಮ್ಮ ಹತ್ತಿರ ಶಿಫಾರಸಿಗೆ ಬರಬಾರದು ಅಂತ ಮಾತು ತೆಗೆದುಕೊಂಡರೆಂದು ಹೇಳುತ್ತಾರೆ. ಎರಡು ಮೇಣದಬತ್ತಿಯ ಕಥೆಯೂ ಎಲ್ಲರ ಬಾಯಲ್ಲಿದೆ. ಸರ್ಕಾರದ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕಾಗದ ಬರೆಯೋಕೆ ಸ್ವಂತ ಬತ್ತಿ. ಊರೂರಿಗೆ ಈ ಕಥೆಯ ರೂಪ ಬೇರೆ, ಬೇರೆ ದೊಡ್ಡವರ ಹೆಸರಿನಲ್ಲೂ ಹೇಳ್ತಾರೆ. ನಡೆದದ್ದೋ ಕಟ್ಟಿದ್ದೋ, ವ್ಯಾಪಾರ ಮಾಡುವವರು ಇದನ್ನು ಮರೆಯಬಾರದು. ನಮ್ಮಲ್ಲಿ ಎಷ್ಟು ಸಣ್ಣ ಅಂಗಡಿಗಳು ಮುಚ್ಚಿಹೋಗಿದ್ದು ವ್ಯಾಪಾರ ಇಲ್ಲದೆ? ಬಹುತೇಕ ಮುಚ್ಚಿದ್ದು ಗಲ್ಲಾಪೆಟ್ಟಿಗೆ ಮತ್ತು ಮನೆಯ ಡಬ್ಬ ಒಂದೇ ಆಗಿ. ಬೆಳಿಗ್ಗೆ ಬಂದ ದುಡ್ಡಲ್ಲಿ ಮಧ್ಯಾಹ್ನ ಮನೆಗೆ ಸಾಮಾನು, ಸಂಜೆ ನೆಂಟರ ಮದುವೆಗೆ ಮುಯ್ಯಿ. ಹೊಸ ಸರಕು ತರುವ ಹೊತ್ತಿಗೆ ಪೆಟ್ಟಿಗೆ ಖಾಲಿ. ದಿನಕ್ಕೆ ಇಷ್ಟು ಅಂತ ತನಗೆ ತಾನೇ ಸಂಬಳ ಗೊತ್ತುಮಾಡಿಕೊಂಡು ಬರೆದಿಟ್ಟವನು ಉಳಿದಿದ್ದಾನೆ.

ದಿವಾನರಾಗಿದ್ದ ಆರು ವರ್ಷಗಳಲ್ಲಿ ಆದ ಕೆಲಸ ನೋಡಿದರೆ ಈಗಲೂ ಆಶ್ಚರ್ಯವಾಗುತ್ತೆ. 1913ರಲ್ಲಿ ಮೈಸೂರು ಬ್ಯಾಂಕು (ಅದು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು), 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಗಂಧದೆಣ್ಣೆ ಕಾರ್ಖಾನೆ, ಹೆಬ್ಬಾಳದ ಕೃಷಿ ಶಾಲೆ, ಸಾವಿರಾರು ಹೊಸ ಪ್ರಾಥಮಿಕ ಶಾಲೆಗಳು. 1911ರಲ್ಲೇ ಆರಂಭವಾಗಿದ್ದ ಆರ್ಥಿಕ ಸಮ್ಮೇಳನದಲ್ಲಿ ಕೃಷಿಗೆ, ಕೈಗಾರಿಕೆಗೆ, ವಿದ್ಯಾಭ್ಯಾಸಕ್ಕೆ ಬೇರೆ ಬೇರೆ ಸಮಿತಿಗಳು. ಗ್ರಾಮ ಸುಧಾರಣೆಗೆ ಊರಿನವರದೇ ಸಮಿತಿ. ನಮ್ಮಂಥ ಸಹಕಾರ ಸಂಘಗಳಿಗೆ ಬೀಜ ಬಿದ್ದದ್ದು ಅದಕ್ಕಿಂತ ಸ್ವಲ್ಪ ಮೊದಲು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು, ಮೈಸೂರು ಸಂಸ್ಥಾನದಲ್ಲೂ ಅದೇ ವರ್ಷ ಸಹಕಾರ ಕಾನೂನು ಬಂತು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಆ ಚಳುವಳಿಗೆ ಪ್ರೋತ್ಸಾಹ ಸಿಕ್ಕಿತು. ಕನ್ನಂಬಾಡಿ ಕೆಲಸ ಶುರುವಾಗಿದ್ದು 1911ರಲ್ಲಿ. ಪೂರ್ತಿ ಮುಗಿದಾಗ ಇವರು ಅಧಿಕಾರ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಅದರಲ್ಲಿ ಮಹಾರಾಜರ ಧೈರ್ಯ, ಬೇರೆ ಎಂಜಿನಿಯರುಗಳ ದುಡಿಮೆ, ಸಾವಿರಾರು ಕೂಲಿಯವರ ಬೆವರು ಇದೆ ಅನ್ನೋದನ್ನು ಮರೆತು ಒಬ್ಬರ ಹೆಸರಿಗೇ ಬರೆಯೋದು ಸರಿಯಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ವರ್ಗದವರಿಗೆ ಪಾಲು ಕೊಡುವ ವಿಚಾರಕ್ಕೆ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, ಅರ್ಹತೆಯೊಂದೇ ನೋಡಬೇಕು ಅನ್ನೋದು ಅವರ ನಿಲುವು. ಆ ಭಿನ್ನಾಭಿಪ್ರಾಯದಿಂದಲೇ ಅವರು ದಿವಾನಗಿರಿ ಬಿಟ್ಟರು. ನನ್ನ ಮಟ್ಟಿಗೆ ಹೇಳೋದಾದರೆ ನ್ಯಾಯ ಮಹಾರಾಜರ ಕಡೆ ಇತ್ತು. ಪುಸ್ತಕವನ್ನೇ ಕಾಣದ ಮನೆಯ ಹುಡುಗನಿಗೆ ಬಾಗಿಲು ತೆರೆಯದೆ ಅರ್ಹತೆ ತೋರಿಸು ಅಂದರೆ ಎಲ್ಲಿಂದ ತಂದಾನು? ಹಾಗೆ ತೆರೆದ ಬಾಗಿಲಿನಿಂದ ಒಳಗೆ ಬಂದವರ ಮಕ್ಕಳು ಮೊಮ್ಮಕ್ಕಳು ನಮ್ಮ ಸಂಘದ ಸದಸ್ಯರಲ್ಲೂ ಇದ್ದಾರೆ. ದೊಡ್ಡವರ ಅಭ್ಯಾಸ ಕಲಿಯೋಣ, ಅವರ ಎಲ್ಲಾ ಅಭಿಪ್ರಾಯ ಒಪ್ಪಲೇಬೇಕು ಅಂತೇನಿಲ್ಲ.

ಅಧಿಕಾರ ಹೋದ ಮೇಲೆ ಮನೆಯಲ್ಲಿ ಕೂತರೇ? ಇಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಸಿಕ್ಕಿಕೊಂಡಾಗ 1923ರಿಂದ 1929ರವರೆಗೆ ಅದರ ಹೊಣೆ ಹೊತ್ತು ಹಳಿಗೆ ತಂದರು. ಅದರಿಂದ ತಮಗೆ ಬರಬೇಕಾಗಿದ್ದ ಸಂಭಾವನೆಯನ್ನು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದರು, ಶ್ರೀ ಜಯಚಾಮರಾಜೇಂದ್ರರ ಹೆಸರಾಯಿತು. 1934ರಲ್ಲಿ ದೇಶಕ್ಕೆ ಯೋಜಿತ ಆರ್ಥಿಕ ವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು. ತೊಂಬತ್ತರ ಹರೆಯದಲ್ಲಿ, 1951ರಲ್ಲಿ, ತಮ್ಮ ದುಡಿಮೆಯ ನೆನಪುಗಳನ್ನು ಬರೆದು ಪ್ರಕಟಿಸಿದರು. ಅದೇ ಇಳಿವಯಸ್ಸಿನಲ್ಲಿ ಹಳ್ಳಿಗಳನ್ನು ಗುಂಪು ಮಾಡಿ ಸಣ್ಣ ಕೈಗಾರಿಕೆ ಬೆಳೆಸುವ ಯೋಜನೆಗೂ ಓಡಾಡಿದರು. 1955ರಲ್ಲಿ ಭಾರತರತ್ನ ಬಂತು. 1960ರಲ್ಲಿ ನೂರರ ಹುಟ್ಟುಹಬ್ಬಕ್ಕೆ ಭಾರತ ಸರ್ಕಾರ ಅಂಚೆಚೀಟಿ ತಂದಿತು.

ಇಷ್ಟೆಲ್ಲ ಓದಿ ನಮ್ಮ ಸಂಘದ ಕಡೆ ತಿರುಗಿದರೆ ಸ್ವಲ್ಪ ಮುಜುಗರ ಆಗುತ್ತೆ, ಹೇಳಲೇಬೇಕು. ಸರ್ವ ಸದಸ್ಯರ ಸಭೆ ಹತ್ತೂವರೆಗೆ ಅಂತ ನೋಟೀಸಿನಲ್ಲಿ ಇರುತ್ತೆ, ಹನ್ನೆರಡಕ್ಕೂ ಕೋರಂ ಇಲ್ಲ ಅಂತ ಕಾಯ್ತೀವಿ. ಬೆಳೆ ಸಾಲಕ್ಕೆ ಸರ್ಕಾರ ಕೊಡುವ ಶೂನ್ಯ ಬಡ್ಡಿಯ ಸೌಲಭ್ಯ ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ದುಡ್ಡು ಕೈಯಲ್ಲಿದ್ದೂ ಸೋಮವಾರ ಕಟ್ಟೋಣ ಬಿಡು ಅಂತ ಗಡುವು ದಾಟಿಸಿ, ಆಮೇಲೆ ಬಡ್ಡಿ ನೋಡಿ ಕಾರ್ಯದರ್ಶಿಯವರ ಮೇಲೆ ಕೂಗಾಡಿದವರಿದ್ದಾರೆ. ಬರಗಾಲದಲ್ಲಿ ಕಟ್ಟಲಾಗದ ಬಡವನ ಮಾತು ಬೇರೆ, ಅವನನ್ನು ಸುಸ್ತಿದಾರ ಅಂತ ಹಂಗಿಸೋದು ತಪ್ಪು. ನಾನು ಹೇಳ್ತಿರೋದು ಇದ್ದೂ ಕಟ್ಟದವರ ವಿಷಯ. ಒಬ್ಬರ ಕಂತು ತಪ್ಪಿದರೆ ಇನ್ನೊಬ್ಬರ ಸಾಲ ಮಂಜೂರಾಗೋದು ತಡ, ಅಷ್ಟರಲ್ಲಿ ಬಿತ್ತನೆ ಹದ ಹೋಗಿರುತ್ತೆ. ಆಡಳಿತ ಮಂಡಳಿಯವರಿಗೂ ಒಂದು ಮಾತು. ಕ್ಯಾಷ್ ಬುಕ್ಕನ್ನು ಅವತ್ತಿನದು ಅವತ್ತೇ ಬರೆದು ಸಹಿ ಹಾಕಿಸಿದರೆ ಆಡಿಟ್ ಬಂದಾಗ ರಾತ್ರಿ ಲೈಟು ಹಾಕಿ ಕೂರೋ ಅಗತ್ಯ ಇರೋಲ್ಲ.

ವಿಶ್ವೇಶ್ವರಯ್ಯನವರು 1962ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಹುಟ್ಟಿದೂರು ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿ ಇದೆ, ಅವರ ಮನೆಯನ್ನು ಸ್ಮಾರಕವಾಗಿ ಕಾಪಾಡಿದ್ದಾರೆ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಎಂಜಿನಿಯರುಗಳ ದಿನವಾಗಿ ಆಚರಿಸುತ್ತಾರೆ. ಬೆಳ್ಳಿಹಬ್ಬದ ಅಂಗವಾಗಿ ಸದಸ್ಯರ ಪ್ರವಾಸ ಈ ಸಲ ಮುದ್ದೇನಹಳ್ಳಿಗೇ ಅಂತ ಆಡಳಿತ ಮಂಡಳಿ ಠರಾವು ಮಾಡಿದೆ. ಹೆಸರು ಕೊಡುವವರು ಸಂಘದ ಕಚೇರಿಯಲ್ಲಿ ಕೊಡಬಹುದು. ಬಸ್ಸು ಬೆಳಿಗ್ಗೆ ಐದೂವರೆಗೆ ಸಂಘದ ಮುಂದಿನಿಂದ ಹೊರಡುತ್ತೆ, ಯಾರಿಗೂ ಕಾಯುವುದಿಲ್ಲ ಅಂತ ಅಧ್ಯಕ್ಷರು ಈಗಲೇ ತಿಳಿಸಿದ್ದಾರೆ.