ದುಡ್ಡು ಬೇಡಿ ಬೆಟ್ಟ ಹತ್ತಿದರು, ಎಲ್ಲಾ ಬಿಟ್ಟು ಇಳಿದರು: ಮಾತಂಗ ಪರ್ವತದ ವಿದ್ಯಾರಣ್ಯರು

ಕಮಲಾಪುರ: ನಮ್ಮೂರಿಂದ ಹಂಪಿ ಕಡೆ ಹೊರಟರೆ ಬಂಡೆಗಳ ನಡುವೆ ಎದ್ದು ನಿಂತಿರೋದೇ ಮಾತಂಗ ಪರ್ವತ. ಈಗ ಸೂರ್ಯೋದಯ ನೋಡೋಕೆ ಜನ ಹತ್ತುತ್ತಾರೆ. ಸುಮಾರು 700 ವರ್ಷದ ಹಿಂದೆ ಇಲ್ಲಿ ಒಬ್ಬರೇ ಕೂತು ತಪಸ್ಸು ಮಾಡಿದವರು ವಿದ್ಯಾರಣ್ಯರು ಅನ್ನೋದು ಈ ಭಾಗದ ನಂಬಿಕೆ.

ಹಕ್ಕ-ಬುಕ್ಕರ ಗುರು ಅಂತ ಅವರು ಎಲ್ಲರಿಗೂ ಗೊತ್ತು. ಆದರೆ ಅವರು ಬೆಟ್ಟ ಹತ್ತಿದ್ದು ರಾಜ್ಯ ಕಟ್ಟೋಕಲ್ಲ, ಬಡತನ ತಾಳಲಾರದೆ ಅಂತಾರೆ ಹಿರಿಯರು.

ಪರಂಪರೆಯ ಪ್ರಕಾರ ಅವರ ಮೊದಲ ಹೆಸರು ಮಾಧವ. ವೇದಗಳಿಗೆ ಭಾಷ್ಯ ಬರೆದ ಸಾಯಣರು ಅವರ ತಮ್ಮ. ಮಾಧವರು ಸಂಪತ್ತು ಬೇಡಿ ದೇವಿಯನ್ನು ಕುರಿತು ವರ್ಷಗಟ್ಟಲೆ ತಪಸ್ಸು ಮಾಡಿದರು. ಈ ಜನ್ಮದಲ್ಲಿ ನಿನಗೆ ಆ ಯೋಗ ಇಲ್ಲ ಅಂದುಬಿಟ್ಟಳು ದೇವಿ. ಆಸೆ ಬಿಟ್ಟ ಮಾಧವರು ಸನ್ಯಾಸ ತೆಗೆದುಕೊಂಡರು.

ಸನ್ಯಾಸ ಅಂದರೆ ಬರೀ ಕಾವಿ ಅಲ್ಲ. ತನ್ನ ಶ್ರಾದ್ಧ ತಾನೇ ಮಾಡಿಕೊಂಡು, ಜನಿವಾರ, ಮನೆ, ಹೆಸರು ಎಲ್ಲಾ ಬಿಡಬೇಕು. ಹಳೇ ಮನುಷ್ಯ ಸತ್ತ ಲೆಕ್ಕ. ಶಂಕರಾಚಾರ್ಯರ ಪರಂಪರೆಯ ಸನ್ಯಾಸಿಗಳಿಗೆ ಇರೋ 10 ಹೆಸರುಗಳಲ್ಲಿ ವನ, ಅರಣ್ಯ, ಗಿರಿ, ಪರ್ವತ ನಾಲ್ಕೂ ಕಾಡು-ಬೆಟ್ಟದವೇ. ಮಾಧವರು ವಿದ್ಯಾರಣ್ಯರಾದರು.

ಇದು ಹೊಸ ಜನ್ಮ ಆಯ್ತಲ್ಲ, ದೇವಿ ಆಗ ಚಿನ್ನದ ಮಳೆ ಸುರಿಸಿದಳಂತೆ! ಆದರೆ ಸನ್ಯಾಸಿಗೆ ಚಿನ್ನ ಯಾಕೆ? ಆ ಹೊನ್ನೇ ರಾಜ್ಯ ಕಟ್ಟೋಕೆ ಹೋಯ್ತು ಅನ್ನುತ್ತದೆ ಕತೆ.

1336ರಲ್ಲಿ ವಿದ್ಯಾರಣ್ಯರೇ ಸಾಮ್ರಾಜ್ಯಕ್ಕೆ ಬುನಾದಿ ಹಾಕಿಸಿದರು ಅನ್ನೋದನ್ನ ಇತಿಹಾಸಕಾರರೆಲ್ಲ ಒಪ್ಪಲ್ಲ. ಹರಿಹರ ಮತ್ತು ಸೋದರರು ಶೃಂಗೇರಿಗೆ ಕೊಟ್ಟ 1346ರ ದಾನಶಾಸನದಲ್ಲಿ ಇರೋದು ಭಾರತೀತೀರ್ಥರ ಹೆಸರು. ವಿದ್ಯಾರಣ್ಯರ ಹೆಸರು ಶಾಸನಗಳಲ್ಲಿ ಬರೋದು ಆಮೇಲೆ.

ಆದರೆ ಅವರ ಬರಹ ಉಳಿದಿದೆ. ಪಂಚದಶಿ, ಜೀವನ್ಮುಕ್ತಿವಿವೇಕ ಇಂದಿಗೂ ಮಠಗಳಲ್ಲಿ ಪಾಠ ಆಗುತ್ತವೆ. ಓದಿ ತಿಳಿದರೆ ಸಾಲದು, ಮನಸ್ಸಿಗೆ ಅಂಟಿದ ಆಸೆಯ ವಾಸನೆ ಸವೆಯಬೇಕು ಅನ್ನೋದು ಜೀವನ್ಮುಕ್ತಿವಿವೇಕದ ತಿರುಳು. ಬೆಟ್ಟದ ಕತೆಯೂ ಹೇಳೋದು ಅದನ್ನೇ.

ಇನ್ನೊಂದು ಮಾತು. ಅವರು ಕಾಡಲ್ಲೇ ಉಳಿಯಲಿಲ್ಲ. ಇಳಿವಯಸ್ಸಲ್ಲಿ, 1380ರಲ್ಲಿ ಶೃಂಗೇರಿ ಪೀಠ ಏರಿದರು. ಮಠ, ಶಿಷ್ಯರು, ಅರಮನೆಯ ಒಡನಾಟ ಎಲ್ಲಾ ಹೊತ್ತು 1386ರಲ್ಲಿ ದೇಹ ಬಿಟ್ಟರು. ಏಕಾಂತ ಅವರಿಗೆ ದಾಟಿ ಬರೋ ಬಾಗಿಲಾಗಿತ್ತು, ಅಡಗಿ ಕೂರೋ ಮನೆ ಆಗಿರಲಿಲ್ಲ.

ಹಂಪಿಯಲ್ಲಿ ಅವರ ಹೆಸರಿನ ಮಠ ಈಗಲೂ ಇದೆ. ವಿರೂಪಾಕ್ಷನ ಗುಡಿ ಆವರಣದಲ್ಲೇ ಭುವನೇಶ್ವರಿ ಸನ್ನಿಧಿ ಇದೆ. ದಿನಾ ಗಲ್ಲಾ ಎಣಿಸೋ ನಾವೂ ಆ ತಾಯಿ ಮುಂದೆ ನಿಂತು ಕೇಳೋದು ಮಾಧವರು ಮೊದಲು ಕೇಳಿದ್ದನ್ನೇ.